ಸಂಜೆಯಾದರೆ ‘ನಮ್ಮನೆಗೆ ಹೋಗ್ಬೇಕು’ ಎನ್ನುವ ಅತ್ತೆ: ಮರೆವಿನ ಕಾಯಿಲೆಯ ಆರೈಕೆ ಕುರಿತು ಓದುಗರ ಪ್ರಶ್ನೆಗಳು

ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ಇರುವ ಹಿರಿಯರನ್ನು ನೋಡಿಕೊಳ್ಳುತ್ತಿರುವವರು ಬರೆದ ಪತ್ರಗಳಲ್ಲಿ ಶಿವಮೊಗ್ಗ ಮತ್ತು ಸುತ್ತಲಿನ ಮಲೆನಾಡಿನಿಂದ ಬಂದ ಐದನ್ನು ಈ ಸಂಚಿಕೆಗೆ ಆರಿಸಿದ್ದೇನೆ. ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟು, ಪತ್ರಗಳನ್ನು ಚಿಕ್ಕದು ಮಾಡಲಾಗಿದೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 84 ವರ್ಷ, ಅಲ್ಜೈಮರ್ ಕಾಯಿಲೆ ಇದೆ. ಸಂಜೆ ಐದು ಗಂಟೆಯಾಗುತ್ತಿದ್ದಂತೆ ಎರಡು ಸೀರೆ, ಒಂದು ಚೊಂಬು ಗಂಟು ಕಟ್ಟಿಕೊಂಡು ‘ಕತ್ಲಾಗ್ತಾ ಬಂತು, ನಮ್ಮನೆಗೆ ಹೋಗ್ಬೇಕು’ ಎಂದು ಅಂಗಳಕ್ಕೆ ಇಳಿಯುತ್ತಾರೆ. ಅವರು ಹೇಳುವ ಮನೆ ಶರಾವತಿ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ನಮ್ಮ ಯಜಮಾನರು ದಿನವೂ ‘ಅಮ್ಮಾ, ಆ ಮನೆ ಮುಳುಗಿ ಅರವತ್ತು ವರ್ಷ ಆಯ್ತಲ್ಲ’ ಎಂದು ತಿಳಿಹೇಳುತ್ತಾರೆ. ಅವರು ಆಗಷ್ಟೇ ಸುದ್ದಿ ಕೇಳಿದವರಂತೆ ಎದೆ ಬಡಿದುಕೊಂಡು ಅಳುತ್ತಾರೆ. ‘ನಾಳೆ ಕರ್ಕೊಂಡು ಹೋಗ್ತೀವಿ ಅಂತ ಸುಳ್ಳು ಹೇಳಿಬಿಡಿ’ ಎನ್ನುವುದು ನಾದಿನಿಯ ಸಲಹೆ. ಯಾವುದು ಸರಿ?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಎರಡೂ ಬೇಡ. ನಿಮ್ಮ ಯಜಮಾನರು ಹೇಳುವುದು ನಿಜವೇ ಆದರೂ ಅದು ಅತ್ತೆಯವರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಡಿಮೆನ್ಶಿಯಾದ ಅತಿ ಸಾಮಾನ್ಯ ಬಗೆಯಾದ ಅಲ್ಜೈಮರ್ ಕಾಯಿಲೆಯಲ್ಲಿ ಮೊದಲು ಪೆಟ್ಟು ಬೀಳುವುದು ಹೊಸದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಗೆ. ನಿನ್ನೆ ಹೇಳಿದ ಮಾತು ಅಳಿಸಿಹೋಗುತ್ತದೆ, ಹರೆಯದಲ್ಲಿ ನಡೆದಾಡಿದ ಮನೆ ಮಾತ್ರ ಬಹಳ ಕಾಲ ಉಳಿದಿರುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ನಿಮ್ಮ ಅತ್ತೆಯವರಿಗೆ ಇಪ್ಪತ್ತರ ಆಸುಪಾಸು. ಈಗ ನೀವು ವಾಸವಾಗಿರುವ ಮನೆಗಿಂತ ನೀರಿನಡಿಯ ಆ ಮನೆಯೇ ಅವರಿಗೆ ಹೆಚ್ಚು ನಿಚ್ಚಳವಾಗಿ ಕಾಣುತ್ತಿದ್ದರೆ ಅದರಲ್ಲಿ ಸೋಜಿಗವಿಲ್ಲ. ಮುಳುಗಡೆಯ ಸುದ್ದಿಯನ್ನು ಪ್ರತಿ ಸಂಜೆ ಹೇಳುವುದೆಂದರೆ ಅವರು ಒಮ್ಮೆ ಉಂಡ ದುಃಖವನ್ನು ಪ್ರತಿ ಸಂಜೆಯೂ ಉಣಿಸಿದ ಹಾಗೆ. ಇನ್ನು ‘ನಾಳೆ ಹೋಗೋಣ’ ಎಂಬ ಮಾತು ಒಂದೆರಡು ದಿನ ಕೆಲಸ ಮಾಡಿದರೂ ಹೇಳುವವರ ದನಿಯಲ್ಲಿ ಅಸಡ್ಡೆ ಇಣುಕಲು ತಡವಾಗುವುದಿಲ್ಲ. ಮಾತಿನ ಅರ್ಥ ಹಿಡಿಯಲಾರದ ಹಿರಿಯರೂ ದನಿಯನ್ನು ಹಿಡಿಯುತ್ತಾರೆ.

‘ಮನೆ’ ಎಂದು ಅವರು ಕೇಳುತ್ತಿರುವುದು ಏನನ್ನು ಎಂದು ನೋಡಿ. ಎದುರಿಗೆ ಬಂದು, ಕೈ ಹಿಡಿದು, ‘ಆ ಮನೇಲಿ ಈ ಹೊತ್ತಿಗೆ ಏನ್ ಮಾಡ್ತಿದ್ರಿ ಅತ್ತೆ?’ ಎಂದು ಕೇಳಿ, ಉತ್ತರ ಬರುವ ತನಕ ಕಾಯಿರಿ. ದನ ಕೊಟ್ಟಿಗೆಗೆ ಬಂದಿವೆಯೋ ನೋಡಬೇಕು, ದೀಪ ಹಚ್ಚಬೇಕು, ಮಗುವಿಗೆ ಹಾಲು ಕಾಯಿಸಬೇಕು ಎಂದೇನಾದರೂ ಬರಬಹುದು. ಬಂದರೆ ಆ ಕೆಲಸವನ್ನೇ ಅವರ ಕೈಗೆ ಕೊಡಿ. ತುಳಸಿಕಟ್ಟೆಗೆ ದೀಪ ಇಡುವ ಕೆಲಸ ಇನ್ನು ಮೇಲೆ ಸೊಸೆಯದಲ್ಲ, ಅವರದು. ನೀವು ಬೆಂಕಿಪೊಟ್ಟಣ ಹಿಡಿದು ಪಕ್ಕದಲ್ಲಿ ನಿಂತರಾಯಿತು. ಗಂಟು ಕಟ್ಟಿದ್ದರೆ ಅದನ್ನು ಕಿತ್ತುಕೊಳ್ಳಬೇಡಿ. ಜೊತೆಯಲ್ಲಿ ಗಂಟು ಹಿಡಿದು ಅಡಿಕೆ ತೋಟದ ಅಂಚಿನವರೆಗೆ ಹೋಗಿ, ಅಲ್ಲಿಂದ ‘ಕಾಫಿ ಆರಿಹೋಗತ್ತೆ’ ಎಂದು ಮರಳಿ ಬನ್ನಿ.

ಆ ಹೊತ್ತಿನಲ್ಲಿ ಮೂತ್ರಕ್ಕೆ ಅವಸರವಾಗಿದೆಯೋ, ಹಸಿವೋ, ಮಂಡಿ ನೋವೋ ಎಂಬುದನ್ನೂ ನೋಡಿ, ಏಕೆಂದರೆ ಹೇಳಿಕೊಳ್ಳಲಾಗದ ಸಂಕಟವೂ ಎಷ್ಟೋ ಸಲ ‘ಮನೆಗೆ ಹೋಗಬೇಕು’ ಎಂಬ ಮಾತಾಗಿ ಹೊರಬರುತ್ತದೆ. ಸಂಜೆಯ ಈ ತಳಮಳ ಈ ಕಾಯಿಲೆಯಲ್ಲಿ ಸಾಮಾನ್ಯ. ಬೆಳಕು ಕುಂದಿ ನೆರಳುಗಳು ಉದ್ದವಾದಾಗ ಗೊಂದಲ ಹೆಚ್ಚುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ನಾಲ್ಕು ಗಂಟೆಗೇ ಕತ್ತಲು, ಜೊತೆಗೆ ಕರೆಂಟ್ ಬೇರೆ ಇರುವುದಿಲ್ಲ. ಕತ್ತಲಾಗುವ ಮುಂಚೆಯೇ ಜಗಲಿಯ ದೀಪ ಹಚ್ಚಿ, ಚಾರ್ಜ್ ಆಗುವ ಒಂದು ದೀಪವನ್ನು ಸಿದ್ಧವಾಗಿಟ್ಟುಕೊಳ್ಳಿ.

ಒಂದು ದಿನ ಅವರೇ ನೇರವಾಗಿ ‘ನಮ್ಮನೆ ಮುಳುಗ್ತಲ್ಲ?’ ಎಂದು ಕೇಳಿದರೆ ಮುಚ್ಚಿಡಬೇಡಿ. ‘ಹೌದು ಅತ್ತೆ, ಮುಳುಗ್ತು. ಎಷ್ಟ್ ಚೆನ್ನಾಗಿತ್ತು’ ಎಂದು ಹೇಳಿ ಜೊತೆಗೆ ಕುಳಿತುಕೊಳ್ಳಿ. ಕೇಳಿದಾಗ ಹೇಳುವ ನಿಜ ಬೇರೆ, ಕೇಳದಿದ್ದಾಗ ಹೇರುವ ನಿಜ ಬೇರೆ. ಎಲ್ಲಕ್ಕಿಂತ ಮೊದಲು ಬಾವಿಕಟ್ಟೆಗೆ ಭದ್ರವಾದ ಮುಚ್ಚಳ ಮಾಡಿಸಿ, ಸೆರಗಿನ ಚುಂಗಿಗೆ ನಿಮ್ಮ ಫೋನ್ ನಂಬರಿನ ಬಟ್ಟೆಚೀಟಿ ಹೊಲಿಯಿರಿ, ಆಳುಗಳಿಗೂ ಊರಿನ ಬಸ್ಸಿನ ಕಂಡಕ್ಟರಿಗೂ ವಿಷಯ ತಿಳಿಸಿ. ನಾಚಿಕೆಯಿಂದ ಮುಚ್ಚಿಟ್ಟ ಮನೆಗಳಲ್ಲೇ ಹಿರಿಯರು ಕಾಣೆಯಾದಾಗ ಹುಡುಕುವುದು ತಡವಾಗುತ್ತದೆ.

ಪ್ರಶ್ನೆ: ನಾನು ಪಿಯುಸಿ ಓದಿದ್ದೇನೆ. ಶಿವಮೊಗ್ಗದಲ್ಲಿ ಹೋಂ ನರ್ಸ್ ಕೆಲಸಕ್ಕೆ ಸೇರಿದಾಗ ಏಜೆನ್ಸಿಯವರು ಬಿ.ಪಿ. ನೋಡುವುದು, ಡೈಪರ್ ಬದಲಿಸುವುದು ಇಷ್ಟನ್ನೇ ಹೇಳಿಕೊಟ್ಟು ಕಳಿಸಿದರು. ನಾನು ನೋಡಿಕೊಳ್ಳುವ ಅಜ್ಜ ನಿವೃತ್ತ ಮೇಷ್ಟ್ರು. ಅವರಿಗೆ ಕೋಪ ಬರುವುದು ಸ್ನಾನದ ಹೊತ್ತಿನಲ್ಲಿ ಮಾತ್ರ. ಬಚ್ಚಲಿಗೆ ಕರೆದೊಯ್ದರೆ ಹೊಡೆಯುತ್ತಾರೆ. ವ್ಯಕ್ತಿಕೇಂದ್ರಿತ ಆರೈಕೆ ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ಅದು ಏನು, ನನ್ನಂಥವರು ಕಲಿಯುವುದು ಹೇಗೆ?
— ಹೊಸನಗರ ಕಡೆಯ ಓದುಗರು

ಉತ್ತರ: ‘ಸ್ನಾನದ ಹೊತ್ತಿನಲ್ಲಿ ಮಾತ್ರ’ ಎಂದು ಬರೆದಿದ್ದೀರಲ್ಲ, ಅಷ್ಟನ್ನು ಗಮನಿಸಿದವರು ಅರ್ಧ ಕಲಿತ ಹಾಗೆಯೇ. ‘ಅಜ್ಜ ಹೊಡೆಯುವ ಪೇಶೆಂಟ್’ ಎಂದು ಬರೆದುಬಿಡುವುದು ಸುಲಭವಿತ್ತು, ನೀವು ಹಾಗೆ ಬರೆಯಲಿಲ್ಲ.

ರೋಗಕ್ಕಿಂತ ಮೊದಲು ಮನುಷ್ಯನನ್ನು ನೋಡುವ ಈ ವ್ಯಕ್ತಿಕೇಂದ್ರಿತ ಆರೈಕೆಯ ವಿಚಾರವನ್ನು ಡಿಮೆನ್ಶಿಯಾಕ್ಕೆ ಅನ್ವಯಿಸಿ ಬೆಳೆಸಿದವರಲ್ಲಿ ಮುಖ್ಯರಾದವರು ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಟಾಮ್ ಕಿಟ್‌ವುಡ್. ರೋಗಿ ಹೇಗೆ ವರ್ತಿಸುತ್ತಾರೆ ಎಂಬುದಕ್ಕೆ ಮೆದುಳಿನ ಹಾನಿಯೊಂದೇ ಕಾರಣವಲ್ಲ, ಅವರ ಸ್ವಭಾವ, ಬಾಳಿದ ಬದುಕು, ದೇಹದ ಆರೋಗ್ಯ ಹಾಗೂ ಸುತ್ತಲಿನವರು ಅವರನ್ನು ನಡೆಸಿಕೊಳ್ಳುವ ರೀತಿ ಇವೆಲ್ಲವೂ ಸೇರಿಯೇ ಆ ವರ್ತನೆ ರೂಪುಗೊಳ್ಳುತ್ತದೆ ಎಂಬುದು 1998ರಲ್ಲಿ ತೀರಿಕೊಳ್ಳುವ ತನಕ ಅವರು ಮಂಡಿಸುತ್ತ ಬಂದ ವಾದ. ನೆಮ್ಮದಿ, ನಂಟು, ನಾಲ್ಕು ಜನರ ನಡುವೆ ತಾನೂ ಒಬ್ಬನೆಂಬ ಭಾವ, ಕೈಗೊಂದು ಕೆಲಸ, ತಾನು ಯಾರೆಂಬ ಗುರುತು, ಇವೆಲ್ಲದರ ನಡುವೆ ಪ್ರೀತಿ: ನೆನಪು ಹೋದ ಮೇಲೂ ಈ ಅಗತ್ಯಗಳು ಹೋಗುವುದಿಲ್ಲ ಎಂದರು. ಒಳ್ಳೆಯ ಮನಸ್ಸಿನ ಆರೈಕೆಗಾರರೇ ತಮಗೆ ಅರಿವಿಲ್ಲದೆ ರೋಗಿಯನ್ನು ಕುಗ್ಗಿಸುವ ಬಗೆಗಳನ್ನೂ ಅವರು ಹೆಸರಿಸಿದ್ದಾರೆ: ಮಗುವಿನಂತೆ ಮಾತಾಡಿಸುವುದು, ಎದುರಿಗಿದ್ದರೂ ಇಲ್ಲದವರಂತೆ ಅವರ ಬಗ್ಗೆ ಮಾತಾಡಿಕೊಳ್ಳುವುದು, ಅವರಿಗೆ ಹಿಡಿಸದ ವೇಗದಲ್ಲಿ ಹೇಳಿ ಮಾಡಿ ಮುಗಿಸುವುದು. ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದು ಈ ಕೊನೆಯದು ಎಂಬುದು ನನ್ನ ಅನಿಸಿಕೆ.

ಈಗ ಬಚ್ಚಲಿಗೆ ಬರೋಣ. ನಿಮ್ಮ ಅಜ್ಜನ ಜಾಗದಲ್ಲಿ ನಿಂತು ನೋಡಿ. ಮೊಮ್ಮಗಳ ವಯಸ್ಸಿನ, ಹೆಸರು ನೆನಪಾಗದ ಹುಡುಗಿಯೊಬ್ಬಳು ಬಂದು ಪಂಚೆಗೆ ಕೈಹಾಕುತ್ತಾಳೆ. ಹಳೆಯ ಬಚ್ಚಲುಮನೆಯಾದರೆ ಕತ್ತಲು, ಒಲೆಯ ಹೊಗೆ, ಜಾರುವ ಕಲ್ಲುಚಪ್ಪಡಿ, ಮಳೆಗಾಲದ ಥಂಡಿ. ಅಷ್ಟರಲ್ಲಿ ಹಿಂದಿನಿಂದ ತಲೆಯ ಮೇಲೆ ನೀರು ಬೀಳುತ್ತದೆ. ಐವತ್ತು ಹುಡುಗರನ್ನು ಒಂದು ನೋಟದಲ್ಲಿ ಸುಮ್ಮನಿರಿಸುತ್ತಿದ್ದ ಮೇಷ್ಟ್ರಿಗೆ ಆಗ ಕೈ ಎತ್ತುವುದೊಂದೇ ತನ್ನನ್ನು ಕಾಪಾಡಿಕೊಳ್ಳುವ ದಾರಿಯಾಗಿ ಕಂಡರೆ ಅದನ್ನು ಹಠವೆನ್ನಲು ಬರುವುದಿಲ್ಲ.

ಅವರು ಮೊದಲು ಯಾವ ಹೊತ್ತಿಗೆ ಸ್ನಾನ ಮಾಡುತ್ತಿದ್ದರು ಎಂದು ಮನೆಯವರನ್ನು ಕೇಳಿ. ಬೆಳಗ್ಗೆ ಪೂಜೆಗೆ ಮುಂಚೆಯೋ, ಸಂಜೆ ಶಾಲೆಯಿಂದ ಬಂದ ಮೇಲೋ. ಹೊತ್ತು ಬದಲಿಸಿದ್ದರಿಂದಲೇ ಅರ್ಧ ಜಗಳ ನಿಂತ ಮನೆಗಳುಂಟು. ದೀಪ ಹಾಕಿ, ಹಂಡೆಯ ನೀರನ್ನು ಬಕೆಟ್ಟಿನಲ್ಲಿ ಹದ ಮಾಡಿ, ಬೈರಾಸು, ಒಗೆದ ಪಂಚೆ, ಕೂರಲು ಜಾರದ ಸ್ಟೂಲು ಎಲ್ಲ ಇಟ್ಟ ಮೇಲೆ ಅವರನ್ನು ಕರೆಯಿರಿ. ‘ಸ್ನಾನ ಮಾಡಿಸ್ತೀನಿ’ ಎನ್ನುವುದಕ್ಕಿಂತ ‘ಮೇಷ್ಟ್ರೇ, ಬಿಸಿನೀರು ಕಾದಿದೆ’ ಎಂದರೆ ಸಾಕಾಗಬಹುದು. ಸೊಂಟದ ಪಂಚೆ ಬಿಚ್ಚಬೇಡಿ, ಹೆಗಲಿಗೂ ಒಂದು ಬೈರಾಸು ಹೊದಿಸಿ, ನೆನೆದರೆ ನೆನೆಯಲಿ. ಚೊಂಬನ್ನು ಅವರ ಕೈಗೇ ಕೊಡಿ. ಮೊದಲ ನೀರು ಪಾದದ ಮೇಲೆ, ಆಮೇಲೆ ಮೊಣಕಾಲು, ಕೈ, ಬೆನ್ನು. ಪ್ರತಿ ಸಲ ಮುಟ್ಟುವ ಮೊದಲು ಎಲ್ಲಿ ಮುಟ್ಟುತ್ತೀರಿ ಎಂದು ಹೇಳಿ, ಒಂದು ಸಲಕ್ಕೆ ಒಂದೇ ಮಾತು. ತಲೆಸ್ನಾನ ಬೇರೆ ದಿನಕ್ಕಿರಲಿ. ಅಂದು ಒಪ್ಪದಿದ್ದರೆ ಬಿಟ್ಟುಬಿಡಿ. ಕಂಕುಳು, ತೊಡೆಸಂದು, ಪಾದ ಇಷ್ಟನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದರೆ ಆ ದಿನಕ್ಕೆ ಸಾಕು. ದಿನವೂ ಮೈತುಂಬ ಸ್ನಾನ ಆಗಲೇಬೇಕೆಂಬುದು ಮನೆಯವರ ಪಟ್ಟು, ಚರ್ಮಕ್ಕೆ ಅದರ ಅಗತ್ಯವಿಲ್ಲ. ಈ ಮಾತನ್ನು ಅವರಿಗೆ ನಾನು ಹೇಳಿದೆನೆಂದು ಬೇಕಾದರೆ ತೋರಿಸಿ.

ನೀವು ಈ ವಾರವೇ ಮಾಡಬಹುದಾದ ಇನ್ನೊಂದು ಕೆಲಸವಿದೆ. ಅಜ್ಜನ ಬಗ್ಗೆ ಒಂದು ಹಾಳೆಯಷ್ಟು ಬರೆಯಿರಿ. ಅವರನ್ನು ಯಾರು ಏನೆಂದು ಕರೆದರೆ ತಿರುಗಿ ನೋಡುತ್ತಾರೆ, ಕಾಫಿಯೋ ಕಷಾಯವೋ, ಯಾವ ಕಿವಿ ಮಂದ, ಕನ್ನಡಕ ಎಲ್ಲಿರುತ್ತದೆ, ಯಾವ ಊರಿನ ಶಾಲೆಗಳಲ್ಲಿದ್ದರು, ತಾಳಮದ್ದಳೆ ಕೇಳುತ್ತಿದ್ದರೇ, ಯಾರ ಸಾವಿನ ಸುದ್ದಿ ಎತ್ತಬಾರದು, ಯಾವುದಕ್ಕೆ ಹೆದರುತ್ತಾರೆ. ಮಗಳು ಹೇಳುವುದು ಒಂದಿರುತ್ತದೆ, ಹಳೆಯ ಆಳು ಹೇಳುವುದು ಇನ್ನೊಂದು, ಎರಡನ್ನೂ ಬರೆದುಕೊಳ್ಳಿ. ನೀವು ರಜೆ ಹಾಕಿದ ದಿನ ಬರುವವರಿಗೆ ಔಷಧಿಯ ಚೀಟಿಗಿಂತ ಮೊದಲು ಈ ಹಾಳೆ ಸಿಗಬೇಕು.

ಕ್ರಮವಾಗಿ ಕಲಿಯಲು ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’ ಎಂಬ ಪಾಠಮಾಲೆ ಒಳ್ಳೆಯ ಆರಂಭ. 2019ರಲ್ಲಿ ಕೈಪಿಡಿಯಾಗಿಯೂ ಬಂದಿರುವ ಅದರಲ್ಲಿ ಕಾಯಿಲೆಯ ಪರಿಚಯ, ದಿನನಿತ್ಯದ ಆರೈಕೆ, ವರ್ತನೆಯ ಬದಲಾವಣೆಗಳನ್ನು ನಿಭಾಯಿಸುವುದು, ಆರೈಕೆ ಮಾಡುವವರು ತಮ್ಮನ್ನು ನೋಡಿಕೊಳ್ಳುವುದು ಹೀಗೆ ಭಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು 1992ರಲ್ಲಿ ಕೇರಳದಲ್ಲಿ ಹುಟ್ಟಿ ದೇಶದ ಹಲವೆಡೆ ಶಾಖೆಗಳಿರುವ ಎ.ಆರ್.ಡಿ.ಎಸ್.ಐ. (ಅಲ್ಜೈಮರ್ಸ್ ಆ್ಯಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ) ಸಂಸ್ಥೆ ಈ ಕ್ಷೇತ್ರದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿವೆ. ಆರೈಕೆಗಾರರಿಗೆ ಈಗ ಯಾವ ತರಬೇತಿ ಇದೆ ಎಂದು ವಿಚಾರಿಸಿ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಕಲಿತ ಕೈಗಳಿಗೆ ಕೆಲಸಕ್ಕೆ ಬರವಿಲ್ಲ. ಸಂಬಳ ಕೇಳುವಾಗ ಅದು ನೆನಪಿರಲಿ.

ಪ್ರಶ್ನೆ: ಅಪ್ಪನಿಗೆ 79. ಹೋದ ವಾರದವರೆಗೆ ಪೇಪರ್ ಓದುತ್ತಿದ್ದವರು ಎರಡು ದಿನದಿಂದ ನನ್ನನ್ನೇ ಗುರುತಿಸುತ್ತಿಲ್ಲ, ಏನೇನೋ ಬಡಬಡಿಸುತ್ತಾರೆ, ಮೈ ಬೆಚ್ಚಗಿದೆ. ‘ಅರವತ್ತಕ್ಕೆ ಅರಳುಮರುಳು, ಇವರಿಗೆ ತಡವಾಗಿ ಬಂತು’ ಎಂದು ಬಂಧುಗಳು ನಗುತ್ತಾರೆ. ಇದೂ ಡಿಮೆನ್ಶಿಯಾವೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ಉತ್ತರಿಸಿ ಆಸ್ಪತ್ರೆಗೆ ಕರೆದೊಯ್ಯಲು ತಿಳಿಸಿದ್ದಾಯಿತು, ಬೇರೆಯವರಿಗೂ ಬೇಕಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ಡಿಮೆನ್ಶಿಯಾ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬರುತ್ತದೆ. ಗಂಟೆ, ದಿನಗಳಲ್ಲಿ ಬಂದ ಗೊಂದಲ ಡೆಲಿರಿಯಂ, ಅಂದರೆ ದೇಹದ ಬೇರೆ ತೊಂದರೆಯಿಂದ ಥಟ್ಟನೆ ಕವಿಯುವ ಗೊಂದಲ ಆಗಿರುವ ಸಂಭವ ಹೆಚ್ಚು. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿದಿರುವುದು, ಹೊಸದಾಗಿ ಶುರುವಾದ ಮಾತ್ರೆ, ಬಿದ್ದು ತಲೆಗೆ ಪೆಟ್ಟಾಗಿರುವುದು ಇವುಗಳಲ್ಲಿ ಯಾವುದೂ ಕಾರಣವಾಗಬಹುದು, ಪಾರ್ಶ್ವವಾಯುವೂ ಹೀಗೆ ತೋರಬಹುದು. ಅದು ಅಂದೇ ವೈದ್ಯರು ನೋಡಬೇಕಾದ ತುರ್ತು ಸ್ಥಿತಿ. ನಮ್ಮ ಕಡೆ ಕಾಡಿನ ಅಂಚಿನಲ್ಲಿ ಓಡಾಡಿದವರಿಗೆ ಬೇಸಿಗೆಯ ದಿನಗಳಲ್ಲಿ ಹೀಗೆ ಜ್ವರ ಬಂದರೆ, 1957ರಲ್ಲಿ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯ ಸಂಶಯವನ್ನೂ ವೈದ್ಯರಿಗೆ ಹೇಳಬೇಕು. ನಿಧಾನವಾಗಿ ಬಂದ ಮರೆವಿನಲ್ಲೂ ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇವುಗಳನ್ನು ಪರೀಕ್ಷಿಸದೆ ಡಿಮೆನ್ಶಿಯಾ ಎಂದು ಹಣೆಪಟ್ಟಿ ಕಟ್ಟಬಾರದು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಆಗುಂಬೆ ಕಡೆಯ ಮನೆಯಲ್ಲಿ ಅಪ್ಪ, ಚಿಕ್ಕಪ್ಪನ ಸಂಸಾರ ಇದೆ. ಅಪ್ಪನಿಗೆ ಮರೆವಿನ ಕಾಯಿಲೆ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಕೂರುತ್ತಾರೆ. ಸುಲಿದದ್ದು, ಸುಲಿಯದ್ದು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಸುಲಿಯುವವರು ಗೊಣಗುತ್ತಾರೆ. ಅವರನ್ನು ನಮ್ಮ ಫ್ಲಾಟಿಗೆ ಕರೆತರುವುದು ಒಳ್ಳೆಯದಲ್ಲವೇ?
— ಬೆಂಗಳೂರಿನ ಓದುಗರು

ಉತ್ತರ: ಬುಟ್ಟಿ ಬೆರೆತದ್ದೇ ಕಾರಣವಾದರೆ ಬೇಡ. ಅಪ್ಪನ ಕಾಲಿಗೆ ಆ ಮನೆಯ ಹೊಸ್ತಿಲುಗಳ ಎತ್ತರ ಗೊತ್ತಿದೆ, ರಾತ್ರಿ ಎದ್ದರೆ ಬಚ್ಚಲು ಯಾವ ಕಡೆ ಎಂದು ಯೋಚಿಸಬೇಕಾಗಿಲ್ಲ. ಎಂಟನೆಯ ಮಹಡಿಯ ಫ್ಲಾಟಿನಲ್ಲಿ ಈ ಅರಿವೆಲ್ಲ ಒಂದೇ ದಿನದಲ್ಲಿ ನಿಷ್ಪ್ರಯೋಜಕವಾಗುತ್ತದೆ. ಜಾಗ ಬದಲಾದ ಮೇಲೆ ಗೊಂದಲ ಹೆಚ್ಚುವುದನ್ನು ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಅವರಿಗೆ ಕೆಲಸ ಬೇಕು, ಆದರೆ ಮೆಟ್ಟುಗತ್ತಿ ಬೇಡ. ಸುಲಿಯುವವರ ಸಾಲಿನಲ್ಲೇ ಅವರ ಮಣೆ ಹಾಕಿಸಿ, ಗೋಣಿಚೀಲ ಮಡಚುವುದು, ಅಡಿಕೆ ಹಾಳೆ ಜೋಡಿಸುವುದು, ಒಣಗಿದ ಅಡಿಕೆಯಲ್ಲಿ ಸಿಪ್ಪೆ ಆರಿಸುವುದು ಇಂಥದ್ದನ್ನು ಕೊಡಿ. ಅವರು ಮಾಡಿದ್ದನ್ನು ಅವರೆದುರಿಗೇ ಯಾರೂ ಮತ್ತೆ ಸರಿಮಾಡಬಾರದು. ಬುಟ್ಟಿ ಬೆರೆತಿದ್ದರೆ ಅವರು ಮಲಗಿದ ಮೇಲೆ ಬೇರ್ಪಡಿಸಿದರಾಯಿತು. ಸುಲಿಯುವವರಿಗೆ ವಿಷಯ ಬಿಡಿಸಿ ಹೇಳಿ. ಗೊಣಗುವವರೇ ಆಮೇಲೆ ‘ಒಡೇರೇ, ಇದೊಂಚೂರು ನೋಡಿ’ ಎಂದು ಕರೆಯಲು ಶುರುಮಾಡುತ್ತಾರೆ.

ಊರಿನ ಮನೆಯೇ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಹೊಳೆಹಳ್ಳ ತುಂಬುವ ಕಾಲದಲ್ಲಿ ಅವರು ಹೊರಗೆ ಹೋಗತೊಡಗಿದರೆ, ಅಥವಾ ಚಿಕ್ಕಮ್ಮ ಒಬ್ಬರೇ ಹಗಲೂ ರಾತ್ರಿಯೂ ನೋಡಿಕೊಳ್ಳುವಂತಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ನಿಮ್ಮ ಪತ್ರದಲ್ಲಿ ಅಪ್ಪನ ಬಗ್ಗೆ ಎರಡು ಪುಟವಿದೆ, ಚಿಕ್ಕಮ್ಮನ ಬಗ್ಗೆ ಒಂದು ಸಾಲೂ ಇಲ್ಲ. ಮೊದಲು ಅವರನ್ನು ಕೇಳಿ. ಕರೆತರಲೇಬೇಕಾದರೆ ಅವರ ಕಂಬಳಿ, ಕುರ್ಚಿ, ಕವಳದ ತಟ್ಟೆ ಜೊತೆಗೇ ಬರಲಿ. ಹಾಸಿಗೆಯಿಂದ ಶೌಚಾಲಯದ ಬಾಗಿಲು ಕಾಣುವಂತಿರಲಿ, ಅದರ ದೀಪ ರಾತ್ರಿಯಿಡೀ ಉರಿಯಲಿ.

ಪ್ರಶ್ನೆ: ನನ್ನ ಯಜಮಾನರಿಗೆ 76, ಮರೆವಿನ ಕಾಯಿಲೆ. ರಾತ್ರಿ ‘ಗೋಡೆ ಹತ್ರ ಹುಡುಗ್ರು ಕೂತಿದಾರೆ’ ಎಂದು ಕೂಗುತ್ತಾರೆ. ಒಂದು ಆಸ್ಪತ್ರೆಯಲ್ಲಿ ಮಲಗುವ ಮೊದಲು ಕೊಡಲು ಮಾತ್ರೆ ಬರೆದರು. ಕೊಟ್ಟ ಮೇಲೆ ಮೈಯೆಲ್ಲ ಸೆಟೆದಂತಾಗಿ ಹಗಲೂ ಏಳುತ್ತಿಲ್ಲ. ಮೈದುನ ‘ಗಲಾಟೆ ನಿಂತಿತಲ್ಲ, ಕೊಡ್ತಾ ಇರಿ ಅತ್ತಿಗೆ’ ಎನ್ನುತ್ತಾನೆ. ನನಗೂ ನಿದ್ದೆಯಿಲ್ಲದೆ ಸಾಕಾಗಿದೆ.
— ಶಿವಮೊಗ್ಗದ ಓದುಗರು

ಉತ್ತರ: ಇಂದೇ ವೈದ್ಯರಿಗೆ ಫೋನ್ ಮಾಡಿ, ಮುಂದಿನ ಮಾತ್ರೆ ಕೊಡಬೇಕೋ ಬೇಡವೋ ಎಂದು ಕೇಳಿ, ಅವರು ಸಿಗದಿದ್ದರೆ ಮಾತ್ರೆಯ ಪಟ್ಟಿ ಸಹಿತ ಆಸ್ಪತ್ರೆಗೇ ಕರೆದೊಯ್ಯಿರಿ. ಇಲ್ಲದವರು ಕಾಣಿಸುವುದು, ನಡಿಗೆ ಬಿಗಿಯುವುದು, ಒಂದು ದಿನ ಚುರುಕಾಗಿ ಇನ್ನೊಂದು ದಿನ ಮಂಕಾಗಿರುವುದು ಲೆವಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾದಲ್ಲಿ ಕಂಡುಬರುತ್ತದೆ. ಅಂಥವರಿಗೆ ಹ್ಯಾಲೊಪೆರಿಡಾಲ್‌ನಂಥ ಮಾನಸಿಕ ರೋಗದ ಔಷಧಿಗಳು ಬಹಳ ಅಪಾಯ ಮಾಡಬಲ್ಲವು. ಯಾವ ಬಗೆಯ ಡಿಮೆನ್ಶಿಯಾ ಇರಲಿ, ಹಿರಿಯರಲ್ಲಿ ಈ ಗುಂಪಿನ ಔಷಧಿಗಳಿಂದ ಸಾವಿನ ಸಂಭವ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ತಲೆಮಾರಿನವುಗಳ ಬಗ್ಗೆ, 2008ರಲ್ಲಿ ಹ್ಯಾಲೊಪೆರಿಡಾಲ್‌ನಂಥ ಹಳೆಯವುಗಳ ಬಗ್ಗೆಯೂ ಕಟ್ಟೆಚ್ಚರ ನೀಡಿದೆ. ಅವನ್ನು ಎಂದೂ ಕೊಡಬಾರದು ಎಂದಲ್ಲ; ಉಳಿದ ದಾರಿಗಳು ಸೋತಾಗ, ತನಗೋ ಇತರರಿಗೋ ಅಪಾಯವಿದ್ದಾಗ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನಕ್ಕೆ ಕೊಡಬೇಕಾದವು ಅವು. ಮನೆ ಸದ್ದಿಲ್ಲದಿರಲಿ ಎಂದು ಕೊಡುವ ಮಾತ್ರೆ ರೋಗಿಯ ಆರೈಕೆಯಾಗುವುದಿಲ್ಲ. ನಿಮ್ಮ ಮೈದುನನಿಗೆ ಇದನ್ನು ಓದಿ ಹೇಳಿ, ಮತ್ತು ವಾರಕ್ಕೆ ಎರಡು ರಾತ್ರಿ ಅಣ್ಣನ ಪಕ್ಕ ಅವನೇ ಮಲಗಲಿ.

ಹುಡುಗರು ಕಂಡಾಗ ‘ಅಲ್ಲಿ ಯಾರೂ ಇಲ್ಲ’ ಎಂದು ವಾದಿಸಬೇಡಿ, ‘ಹೌದಾ, ನಾನೂ ಕಂಡೆ’ ಎಂದೂ ಹೇಳಬೇಡಿ. ದೀಪ ಹಾಕಿ, ‘ನಾನು ಇಲ್ಲೇ ಇದೀನಿ, ಹೆದರ್ಬೇಡಿ’ ಎಂದು ಪಕ್ಕದಲ್ಲಿ ಕೂರಿ. ಗೋಡೆಯ ಗೂಟಕ್ಕೆ ನೇತುಹಾಕಿದ ಅಂಗಿ, ಕೊಡೆ, ಕಂಬಳಿಕೊಪ್ಪೆ ನೆರಳಿನಲ್ಲಿ ಮನುಷ್ಯರಂತೆ ಕಾಣುತ್ತವೆಯೇ ಎಂದು ಅವರು ಮಲಗುವ ಜಾಗದಲ್ಲಿ ನೀವೇ ಮಲಗಿ ನೋಡಿ, ತೆಗೆದಿಡಿ. ಎಷ್ಟೋ ಸಲ ಆ ಹುಡುಗರಿಂದ ಅವರಿಗೇನೂ ಭಯವಿರುವುದಿಲ್ಲ, ಹೆದರುವವರು ನಾವು. ಹಾಗಿದ್ದರೆ ಕೂತಿರಲಿ ಬಿಡಿ. ಮಲಬದ್ಧತೆ, ನೋವು, ಮೂತ್ರ ಕಟ್ಟಿರುವುದು, ಕಣ್ಣಿನ ಪೊರೆ ಇವನ್ನೂ ಪರೀಕ್ಷಿಸಲು ಹೇಳಿ.

ವೈದ್ಯರ ಬಳಿಗೆ ಹೋಗುವಾಗ ಮಾತ್ರೆಯ ಪಟ್ಟಿಯ ಜೊತೆಗೆ ಎಷ್ಟು ಹೊತ್ತಿಗೆ ಕೂಗಿದರು, ಅದಕ್ಕೆ ಮುಂಚೆ ಏನು ನಡೆದಿತ್ತು, ಏನು ಮಾಡಿದಾಗ ಸುಮ್ಮನಾದರು ಎಂಬ ಮೂರು ಸಂಗತಿಗಳನ್ನು ಒಂದು ವಾರದಿಂದ ಬರೆದ ಕಾಗದವಿದ್ದರೆ ಅವರಿಗೆ ಬಹಳ ಅನುಕೂಲ. ಈ ವಾರದ ಭೇಟಿಗೆ ಅಷ್ಟು ದಿನ ಕಾಯಬೇಡಿ, ನೆನಪಿರುವಷ್ಟನ್ನೇ ಬರೆದುಕೊಂಡು ಹೊರಡಿ. ನಿಮ್ಮ ದಣಿವಿನ ಬಗ್ಗೆ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.